ಭಾನುವಾರದ ಓದು: ‘ವಾಲ್ಡನ್ ಟೂ’

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಸಂಜೆ 5ಕ್ಕೆ ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ‘ವಾಲ್ಡನ್ ಟೂ’ (1948) ಕಾದಂಬರಿಯ ಚರ್ಚೆ. ಥೋರೋ ಅವರ ‘ವಾಲ್ಡನ್’ ಬೇರೆ ಪುಸ್ತಕ, ತರಿಸುವಾಗ ಹೆಸರು ಸರಿಯಾಗಿ ನೋಡಿ.

ಒಟ್ಟು 36 ಅಧ್ಯಾಯಗಳಲ್ಲಿ ಈ ಸಲ 1ರಿಂದ 14 ಸಾಕು. 1976ರ ಮುದ್ರಣದಲ್ಲಿ ಲೇಖಕರದೇ ಮುನ್ನುಡಿ ಇದೆ. ಅದನ್ನು ಕೊನೆಗೆ ಓದಿ. ಮೊದಲೇ ಓದಿದರೆ ನಿರೂಪಕ ಬರಿಸ್‌ನ ಅನುಮಾನಗಳ ಜೊತೆ ನಡೆಯುವ ಸುಖ ತಪ್ಪುತ್ತದೆ.

ದುಡಿಮೆಯ ಲೆಕ್ಕವನ್ನು ಮಾತ್ರ ನಿಧಾನವಾಗಿ ಓದಿ. ಕಾದಂಬರಿಯಲ್ಲಿ ಬರುವ ‘ವಾಲ್ಡನ್ ಟೂ’ ಎಂಬ ಸುಮಾರು 1000 ಜನರ ಕಲ್ಪಿತ ಸಮುದಾಯದಲ್ಲಿ ಕೂಲಿ ಹಣದಲ್ಲಿಲ್ಲ, ಅಂಕಗಳಲ್ಲಿದೆ: ತಲೆಗೆ ವರ್ಷಕ್ಕೆ 1200, ಅಂದರೆ ಕೆಲಸದ ದಿನಕ್ಕೆ ಸುಮಾರು 4. ಯಾರೂ ಬಯಸದ ಚರಂಡಿ ಕೆಲಸಕ್ಕೆ ಗಂಟೆಗೆ ಹೆಚ್ಚು ಅಂಕ, ಹೂದೋಟದ ಕೆಲಸಕ್ಕೆ ಕಡಿಮೆ. ಇಡೀ ಪುಸ್ತಕದಲ್ಲಿ ಹೆಚ್ಚು ಬೆಲೆಯುಳ್ಳ ವಿಚಾರ ಇದೇ. ನಿಮ್ಮ ಮನೆಯ ಐದು ಕೆಲಸಗಳಿಗೆ ಹೀಗೆ ಅಂಕ ಹಾಕಿಕೊಂಡು ಬನ್ನಿ.

14ನೇ ಅಧ್ಯಾಯದಲ್ಲಿ ಸಂಯಮ ಕಲಿಸಲೆಂದು ಹಸಿದ ಮಕ್ಕಳನ್ನು ಸೂಪಿನ ಮುಂದೆ ಐದು ನಿಮಿಷ ನಿಲ್ಲಿಸುತ್ತಾರೆ. ಸಿಟ್ಟು ಬರುವುದು ಸಹಜ. ಆದರೂ ಸಮುದಾಯ ಕಟ್ಟಿದ ಫ್ರೇಜಿಯರ್‌ನ ವಾದವನ್ನೂ ಅದನ್ನು ನೋಡಲು ಬಂದ ತತ್ವಶಾಸ್ತ್ರದ ಅಧ್ಯಾಪಕ ಕ್ಯಾಸಲ್‌ನ ಆಕ್ಷೇಪವನ್ನೂ ಪೂರ್ತಿ ಓದಿ ಬನ್ನಿ.

ಮುದ್ರಣಕ್ಕೊಂದು ಪುಟಸಂಖ್ಯೆ ಇರುವುದರಿಂದ ಅಧ್ಯಾಯದ ಸಂಖ್ಯೆಯನ್ನೇ ಬರೆದುಕೊಳ್ಳಿ. ಬರುವವರು, ಪುಸ್ತಕ ಬೇಕಾದವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.