ಹೆಸರು ಪಟ್ಟಿಗೆ ಸೇರಿದೆ, ಇನ್ನು ಋಣದ ಲೆಕ್ಕ

ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳುತ್ತಿರುವವರಿಗೆಲ್ಲ ಒಟ್ಟಿಗೆ ಹೇಳಿಬಿಡುತ್ತೇನೆ: ಹೌದು, ದಂತವೈದ್ಯರ ನೋಂದಣಿ ಪರೀಕ್ಷೆಯಾದ ಒಆರ್‌ಇಯ ಎರಡನೇ ಭಾಗವೂ ಮುಗಿಯಿತು, ತೇರ್ಗಡೆಯಾಗಿದ್ದೇನೆ. ಬ್ರಿಟನ್ನಿನ ಜನರಲ್ ಡೆಂಟಲ್ ಕೌನ್ಸಿಲ್‌ನ ನೋಂದಣಿ ಪಟ್ಟಿಯಲ್ಲಿ ನನ್ನ ಹೆಸರು ಸೇರಿದೆ. ಆ ಪಟ್ಟಿ ಸಾರ್ವಜನಿಕವಾದದ್ದು, ಹೆಸರು ಹಾಕಿ ಹುಡುಕಿದರೆ ಯಾರಿಗಾದರೂ ಸಿಗುತ್ತದೆ. ಈ ವಾರ ನಾನೇ ಎಷ್ಟು ಸಲ ಹುಡುಕಿ ನೋಡಿದ್ದೇನೆ ಎಂದು ಮಾತ್ರ ಕೇಳಬೇಡಿ.

ಹೊರದೇಶದಲ್ಲಿ ಓದಿದ ದಂತವೈದ್ಯರು ಇಲ್ಲಿ ಬರೆಯಬೇಕಾದ ಈ ಪರೀಕ್ಷೆಯ ಪುರಾಣವನ್ನು ನೀವೆಲ್ಲ ನನ್ನ ಬಾಯಿಂದ ಸಾಕುಸಾಕೆನ್ನುವಷ್ಟು ಕೇಳಿದ್ದೀರಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕಗಳು, ಮೊದಲ ಭಾಗದ ಎರಡು ಪತ್ರಿಕೆಗಳು, 2020ರಲ್ಲಿ ಕೋವಿಡ್ ಬಂದು ಪರೀಕ್ಷೆಯೇ ನಿಂತದ್ದು, 2022ರಲ್ಲಿ ಮತ್ತೆ ಶುರುವಾದದ್ದು, ಸೀಟಿಗಾಗಿ ಲ್ಯಾಪ್‌ಟಾಪಿನ ಮುಂದೆ ಉಸಿರು ಬಿಗಿಹಿಡಿದು ಕುಳಿತದ್ದು ಯಾವುದೂ ನಿಮಗೆ ಹೊಸದಲ್ಲ. ಮೊದಲ ಭಾಗಕ್ಕೆ ಮೊದಲ ಸಲ ಕುಳಿತ ದಿನದಿಂದ ಐದು ವರ್ಷದೊಳಗೆ ಎರಡನೇ ಭಾಗವನ್ನೂ ಮುಗಿಸಬೇಕು ಎಂಬ ನಿಯಮ ನಮ್ಮ ಎಷ್ಟು ನಿದ್ರೆಗಳನ್ನು ತಿಂದಿತು ಎಂಬುದೂ ಗೊತ್ತು. ಪರೀಕ್ಷೆಯೇ ನಡೆಯದ ಕಾಲದಲ್ಲೂ ಆ ಗಡಿಯಾರ ಓಡುತ್ತಲೇ ಇತ್ತು. ಹಾಗೆ ಅವಧಿ ಕಳೆದುಕೊಂಡವರಿಗೆ ಹೆಚ್ಚುವರಿ ಸಮಯ ಸಿಗಲು 2023ರಲ್ಲಿ ಕಾನೂನೇ ತಿದ್ದುಪಡಿಯಾಗಬೇಕಾಯಿತು. ಅದಕ್ಕಾಗಿ ಸಂಸತ್ ಸದಸ್ಯರಿಗೆ ಪತ್ರ ಬರೆದ, ನನಗೆ ಮುಖಪರಿಚಯವೂ ಇಲ್ಲದ ಅಭ್ಯರ್ಥಿಗಳಿಗೆಲ್ಲ ಒಂದು ನಮಸ್ಕಾರ.

ಉಳಿದವರಿಗೆ ಬೇಗ ಬೇಗ. ಮೂರು ದೇಶಗಳ ಮೂರು ವೇಳೆಗಳಲ್ಲಿ ಎಚ್ಚರವಿದ್ದು ಪ್ರಶ್ನೆ ಕೇಳಿ, ತಪ್ಪು ಹೇಳಿದರೆ ನಗದೆ ತಿದ್ದಿದ ನಮ್ಮ ಓದುಗುಂಪಿನವರಿಗೆ, ಸಂಜೆ ಕ್ಲಿನಿಕ್ ಮುಚ್ಚಿದ ಮೇಲೆ ಒಂದು ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟ ಮಾಲೀಕರಿಗೆ, ಅಭ್ಯಾಸಕ್ಕೆ ಫ್ಯಾಂಟಮ್ ಹೆಡ್ (ಹಲ್ಲು ಜೋಡಿಸಿದ ಬೊಂಬೆತಲೆ) ಕೊಟ್ಟು ವಾಪಸ್ ಕೇಳುವುದನ್ನೇ ಮರೆತ ಗೆಳತಿಗೆ, ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಹಲ್ಲುಗಳ ಪುಡಿ ಹಾರುತ್ತಿದ್ದರೂ ತುಟಿ ಬಿಚ್ಚದ ಗಂಡನಿಗೆ ಧನ್ಯವಾದಗಳು. (ಗಂಡ ಇದನ್ನು ಓದಿ, ‘ನನಗೆ ಕಾಲು ವಾಕ್ಯವೇ?’ ಎಂದು ಕೇಳಿಯಾಗಿದೆ. ಹೌದು, ಕಾಲು ವಾಕ್ಯವೇ.)

ಉಳಿದ ಜಾಗವೆಲ್ಲ ನಮ್ಮ ಕ್ಲಿನಿಕ್ಕಿನ ಹಿರಿಯ ಡೆಂಟಲ್ ನರ್ಸ್‌ಗೆ ಮೀಸಲು. ಹೆಸರು ಬರೆಯಕೂಡದೆಂದು ಅವರ ಅಪ್ಪಣೆಯಾಗಿದೆ.

ನಾನು ಅಲ್ಲಿ ಸಹಾಯಕಿಯಾಗಿ ಸೇರಿದಾಗ ನನಗಿದ್ದ ದೊಡ್ಡ ಕಷ್ಟ ಕೆಲಸದ್ದಲ್ಲ, ಕೈಗಳದ್ದು. ಸ್ವಂತವಾಗಿ ರೋಗಿಗಳನ್ನು ನೋಡಿ ಬಂದ ಕೈಗಳು ಈಗ ಇನ್ನೊಬ್ಬರ ಕೈಗೆ ಉಪಕರಣ ದಾಟಿಸಬೇಕು. ಬೇರುನಾಳ ಹುಡುಕುತ್ತಿರುವ ದಂತವೈದ್ಯರ ಪಕ್ಕ ನಿಂತು, ಅದು ಎಲ್ಲಿರಬಹುದು ಎಂದು ಗೊತ್ತಿದ್ದೂ ಬಾಯಿಯ ನೀರು ಹೀರುವ ಸಕ್ಷನ್ ಹಿಡಿದು ಸುಮ್ಮನಿರಬೇಕು. ಅನೇಕರು ಕನಿಕರದಿಂದ ‘ಡಾಕ್ಟರ್’ ಎಂದೇ ಕರೆಯುತ್ತಿದ್ದರು. ಆ ಕರೆ ಕಿವಿಗೆ ಬಿದ್ದಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು. ಇವರು ಮಾತ್ರ ಒಮ್ಮೆಯೂ ಹಾಗೆ ಕರೆಯಲಿಲ್ಲ. ಮೊದಲ ದಿನವೇ ನನ್ನ ಕೈಯಿಂದ ಸಕ್ಷನ್ ಕಿತ್ತುಕೊಂಡು, ‘ನೀನು ನೀರನ್ನು ಹಿಂಬಾಲಿಸುತ್ತಿದ್ದೀಯೆ. ತುದಿಯನ್ನು ಹಲ್ಲಿನ ಹಿಂದೆ ನಿಲ್ಲಿಸು, ನೀರು ತಾನಾಗಿ ಬರುತ್ತದೆ’ ಎಂದರು. ಇಷ್ಟು ವರ್ಷ ನನ್ನ ಪಕ್ಕದಲ್ಲಿ ನಿಂತವರು ಏನು ಮಾಡುತ್ತಿದ್ದರು ಎಂಬುದನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ನನ್ನನ್ನು ಅವರು ಕಲಿಯಲು ಬಂದವಳೆಂದು ನೋಡಿದರು, ಬಿದ್ದವಳೆಂದು ನೋಡಲಿಲ್ಲ. ಅಷ್ಟು ಸಾಕಿತ್ತು.

ಬ್ರಿಟನ್ನಿನಲ್ಲಿ ಡೆಂಟಲ್ ನರ್ಸ್‌ಗಳ ನೋಂದಣಿ ಕಡ್ಡಾಯವಾದದ್ದು 2008ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲಿಂದ ಅವರು ಈ ಕೆಲಸದಲ್ಲಿದ್ದರು. ಒಮ್ಮೆ ನಾನು ನನ್ನ ಪದವಿ, ನನ್ನ ಅನುಭವ ಎಂದು ಗೋಳಾಡುತ್ತಿದ್ದಾಗ ಉಪಕರಣಗಳನ್ನು ಸ್ಟೆರಿಲೈಜರ್‌ಗೆ ಜೋಡಿಸುತ್ತಲೇ ಹೇಳಿದರು: ‘ಅರ್ಧ ಆಯುಸ್ಸು ಮಾಡಿದ ಕೆಲಸ ನನಗೆ ಬರುತ್ತದೆ ಎಂದು ನಾನೂ ಕಾಗದದಲ್ಲಿ ತೋರಿಸಬೇಕಾಯಿತು. ಕೋಪ ಬಂದಿತ್ತು. ಆಮೇಲೆ ಕಾಗದ ತುಂಬಿದೆ. ಆ ಟ್ರೇ ಈಚೆ ಕೊಡು.’

ಎರಡನೇ ಭಾಗಕ್ಕೆ ನನ್ನನ್ನು ತಯಾರು ಮಾಡಿದ್ದು ಹೆಚ್ಚುಕಡಿಮೆ ಅವರೇ. ಅದರಲ್ಲಿ ನಾಲ್ಕು ಅಂಗಗಳಿವೆ: ಮ್ಯಾನಿಕಿನ್ (ಬೊಂಬೆತಲೆ) ಮೇಲಿನ ಕೆಲಸ, ರೋಗಿಯ ಪಾತ್ರಧಾರಿಗಳೂ ಇರುವ ಪ್ರಾಯೋಗಿಕ ಪರೀಕ್ಷೆ ಆಸ್ಕಿ, ರೋಗನಿರ್ಣಯ ಮತ್ತು ಚಿಕಿತ್ಸಾ ಯೋಜನೆ, ವೈದ್ಯಕೀಯ ತುರ್ತುಸ್ಥಿತಿ. ಆಸ್ಕಿಗೆ ಅವರು ರೋಗಿಯ ಪಾತ್ರ ಮಾಡುತ್ತಿದ್ದರು, ಮತ್ತು ಅದರಲ್ಲಿ ಭಯಂಕರ ಪ್ರತಿಭೆಯಿತ್ತು. ಹೊಸ ದಂತಪಂಕ್ತಿ ಕೂರುವುದಿಲ್ಲವೆಂದು ಜಗಳಕ್ಕೆ ಬಂದ ಮುದುಕಿ, ಸೂಜಿಗೆ ಹೆದರಿ ಕುರ್ಚಿ ಬಿಟ್ಟು ಓಡುವವಳು, ಮಗುವಿನ ಹಲ್ಲು ಹುಳುಕಾದದ್ದಕ್ಕೆ ನನ್ನನ್ನೇ ದೂರುವ ತಾಯಿ, ಎಲ್ಲವೂ ಅವರೇ. ನಾನು ‘ಪಲ್ಪ್’ ಎಂದ ಕೂಡಲೇ ಕೈ ಎತ್ತಿ, ‘ಹಾಗೆಂದರೇನು?’ ಎನ್ನುತ್ತಿದ್ದರು. ಜೀವಮಾನವಿಡೀ ಆ ಪದವನ್ನು ಕೇಳಿದವರು! ಹಲ್ಲಿನೊಳಗಿನ ನರ, ರಕ್ತ ಎಂದು ಬಿಡಿಸಿ ಹೇಳುವ ತನಕ ಪಾತ್ರದಿಂದ ಇಳಿಯುತ್ತಿರಲಿಲ್ಲ.

ಇನ್ನು ಲಂಡನ್ನಿನ ಆ ರಾತ್ರಿ.

ಪರೀಕ್ಷೆಯ ವಾರದಲ್ಲೇ ಅಪ್ಪ ತೀರಿಕೊಂಡ ಸುದ್ದಿ ಬಂತು. ನಿಮಗೆ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ನಾನು ಊರಿಗೆ ಹೋಗಲಿಲ್ಲ. ಹೋಗು ಎಂದವರಿದ್ದರು, ಬೇಡ ಎಂದವರೂ ಇದ್ದರು, ತೀರ್ಮಾನ ಮಾತ್ರ ನನ್ನದೇ. ಅದನ್ನು ತೂಗಿ ನೋಡುವ ಧೈರ್ಯ ಇವತ್ತಿಗೂ ಬಂದಿಲ್ಲ. ವಿಡಿಯೊ ಕರೆಯಲ್ಲಿ ಅಪ್ಪನ ಮುಖ ತೋರಿಸಿದರು. ಬಾಯಿ ಪೂರ್ತಿ ಮುಚ್ಚಿರಲಿಲ್ಲ. ಮೇಲ್ದವಡೆಯಲ್ಲಿ ನಾನು ಹಲ್ಲಿಗೆ ಕೂರಿಸಿದ್ದ ಕ್ರೌನ್ ಕವಚ ಕಾಣುತ್ತಿತ್ತು. ಅಪ್ಪನ ಕೆನ್ನೆಯ ಮೇಲೆ ಬೆರಳೂರಿ ಆ ಹಲ್ಲನ್ನು ತಿದ್ದಿದ್ದೆ. ಈಗ ಮುಟ್ಟಲಾಗಲಿಲ್ಲ.

ಕರೆ ಮುಗಿದ ಮೇಲೆ ಕೈ ನಡುಗಲು ಶುರುವಾಯಿತು. ಮರುದಿನ ಮ್ಯಾನಿಕಿನ್. ಹೋಗುವುದಿಲ್ಲ ಎಂದು ಗಂಡನಿಗೆ ಸಂದೇಶ ಕಳಿಸಿ ಫೋನ್ ಆರಿಸಿಟ್ಟೆ.

ರಾತ್ರಿ ಬಹಳ ಹೊತ್ತಾದ ಮೇಲೆ ಹೋಟೆಲಿನ ಕೋಣೆಯ ಬಾಗಿಲು ಬಡಿದ ಸದ್ದು. ಅವರು. ಕೆಲಸ ಮುಗಿಸಿ, ಯೂನಿಫಾರ್ಮಿನ ಮೇಲೇ ಕೋಟು ಹಾಕಿಕೊಂಡು, ಸಿಕ್ಕಿದ ರೈಲು ಹತ್ತಿ ಬಂದಿದ್ದರು. ಅಪ್ಪಿಕೊಳ್ಳಲಿಲ್ಲ. ‘ಕೈ ತೋರಿಸು’ ಎಂದರು, ನೋಡಿದರು. ಬ್ಯಾಗಿನಿಂದ ಚೀಲದಲ್ಲಿ ಸೀಲು ಮಾಡಿದ್ದ ಬಾಯಿಕನ್ನಡಿಯೊಂದನ್ನು ತೆಗೆದು ನನಗೆ ಕೊಟ್ಟರು. ಆಮೇಲೆ ಕೋಟು ಕಳಚಿ, ಹಾಸಿಗೆಯ ಅಂಚಿನಾಚೆ ತಲೆ ಬರುವಂತೆ ಅಂಗಾತ ಮಲಗಿ ಬಾಯಿ ತೆರೆದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ‘ಇಪ್ಪತ್ತಾರು’ ಎಂದರು, ಬಾಯಿ ತೆರೆದುಕೊಂಡೇ. ನಮ್ಮ ಹಲ್ಲಿನ ಲೆಕ್ಕದಲ್ಲಿ ಅದು ಮೇಲಿನ ಎಡಗಡೆಯ ಮೊದಲ ದವಡೆಹಲ್ಲಿನ ಸಂಖ್ಯೆ. ಅದನ್ನು ನೇರವಾಗಿ ನೋಡಿ ಕೊರೆಯುವುದು ಕಷ್ಟ, ಕನ್ನಡಿಯಲ್ಲೇ ನೋಡಬೇಕು, ಕೈ ಎಲ್ಲವನ್ನೂ ತಿರುಗುಮುರುಗಾಗಿ ಮಾಡಬೇಕು. ನೆಲದ ಮೇಲೆ ಮಂಡಿಯೂರಿ, ಹೋಟೆಲಿನ ಬಾಲ್‌ಪೆನ್ನನ್ನೇ ಹಲ್ಲು ಕೊರೆಯುವ ಹ್ಯಾಂಡ್‌ಪೀಸಿನಂತೆ ಹಿಡಿದೆ. ಹಲ್ಲಿಗೆ ತಾಗಿಸದೆ, ಗಾಳಿಯಲ್ಲೇ, ಪಕ್ಕದ 25ರ ಮೈಗೆ ತಗಲದ ಹಾಗೆ ಪೆನ್ನಿನ ತುದಿ ಸರಿಸಬೇಕು. ತುದಿ ಅಲ್ಲಾಡುತ್ತಿತ್ತು. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿ ಹೇಳಿದರು: ‘ನಿನ್ನ ಉಂಗುರದ ಬೆರಳು ಎಲ್ಲೂ ಊರಿಲ್ಲ. ಊರದ ಕೈ ಯಾರದ್ದಾದರೂ ನಡುಗುತ್ತದೆ.’

ದಂತವೈದ್ಯಕೀಯದ ಮೊದಲ ಪಾಠ ಅದು. ಬೆರಳೊಂದನ್ನು ಗಟ್ಟಿಯಾದ ಹಲ್ಲಿನ ಮೇಲೆ ಊರದೆ ಕೊರೆಯುವ ಮೊನೆಯಾದ ಬರ್ ಆಡಿಸಕೂಡದು, ಜಾರಿದರೆ ಪಕ್ಕದ ಹಲ್ಲಿಗೋ ಕೆನ್ನೆಗೋ ಗಾಯ. ಅವರ ಕೋರೆಹಲ್ಲಿನ ಮೇಲೆ ಬೆರಳು ಊರಿದೆ. ಪೆನ್ನಿನ ತುದಿ ನಿಧಾನಕ್ಕೆ ನಿಂತಿತು. ಅಲ್ಲಿಂದ ಎಷ್ಟು ಹೊತ್ತು ಮಾಡಿದೆವೋ ತಿಳಿಯದು. 26 ಆಯಿತು, 46 ಆಯಿತು, ಮುಂಭಾಗದ 21 ಆಯಿತು. ನಡುನಡುವೆ ನಾನು ಅಳುತ್ತಿದ್ದೆ. ಆಗ ಅವರು ಬಾಯಿ ಮುಚ್ಚಿ, ಕುತ್ತಿಗೆ ನೀವಿಕೊಂಡು, ನಾನು ಮೂಗು ಒರೆಸಿಕೊಳ್ಳುವ ತನಕ ಕಾದು, ಮತ್ತೆ ಬಾಯಿ ತೆರೆಯುತ್ತಿದ್ದರು. ಅರವತ್ತರ ಹತ್ತಿರದ ಕುತ್ತಿಗೆ ಅದು. ಎಲ್ಲ ಸರಿಹೋಗುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ. ಅಪ್ಪನ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ: ‘ಅವರಿಗೆ ನೀನು ಯಾವ ಹಲ್ಲು ಮಾಡಿದ್ದೆ?’ ನಾನು ಸಂದೇಶದಲ್ಲಿ ಬರೆದದ್ದನ್ನು ಗಂಡ ಅವರಿಗೂ ತಿಳಿಸಿದ್ದ. ‘16’ ಎಂದೆ. ‘ಹಾಗಾದರೆ ಅದನ್ನೂ ಮಾಡು’ ಎಂದು ಬಾಯಿ ತೆರೆದರು. ಮಾಡಿದೆ.

ಕೊನೆಗೆ ದಿಂಬೊಂದನ್ನು ನೆಲಕ್ಕೆಸೆದು ಎದೆ ಒತ್ತಲು ಹಚ್ಚಿದರು. ಮೂವತ್ತು ಒತ್ತು, ಎರಡು ಉಸಿರು, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ವೇಗ. ಜೋರಾಗಿ ಎಣಿಸಿದ್ದು ಅವರೇ. ಪಕ್ಕದ ಕೋಣೆಯವರು ಗೋಡೆ ಬಡಿದ ಮೇಲೆ ಇಬ್ಬರಿಗೂ ನಗು ಬಂತು, ಆ ವಾರದಲ್ಲಿ ನನಗೆ ಬಂದ ಮೊದಲ ನಗು. ಬೆಳಿಗ್ಗೆ ನಾನು ಎದ್ದಾಗ ಅವರು ಇರಲಿಲ್ಲ. ಕ್ಲಿನಿಕ್ ತೆರೆಯುವ ಸರದಿ ಅವರದಾಗಿತ್ತು, ಮೊದಲ ರೈಲಿಗೆ ಹೊರಟುಹೋಗಿದ್ದರು.

ಅವರಿಗೆ ಧನ್ಯವಾದ ಎಂದರೆ ‘ಸರಿ ಸರಿ’ ಎಂದು ಬೇರೆ ಕೋಣೆಗೆ ನಡೆದುಬಿಡುತ್ತಾರೆ. ಕನ್ನಡ ಅವರಿಗೆ ಬಾರದು. ಅದಕ್ಕೇ ಇಲ್ಲಿ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಪರೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಗುರುತಿಲ್ಲದವರ ಬಾಯಿಗೆ ಬರ್ ಇಡುವ ಕೈಯನ್ನು ಯಾರಾದರೂ ಪರೀಕ್ಷಿಸಲೇಬೇಕು. ಆದರೆ ನಾನು ಕೆಲಸ ಮಾಡಿದ ಕ್ಲಿನಿಕ್ಕಿನ ಫೋನಿಗೆ ದಿನವೂ ಅದೇ ಪ್ರಶ್ನೆ: ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ) ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತೀರಾ? ಇಲ್ಲ ಎನ್ನುವ ಕೆಲಸವೂ ನನ್ನ ಪಾಲಿನದೇ ಆಗಿತ್ತು. ಕೀವು ತುಂಬಿದ ಹಲ್ಲಿನವರಿಗೆ ಇಲ್ಲ ಎಂದು ಫೋನ್ ಇಟ್ಟು, ಮತ್ತೆ ಪರೀಕ್ಷೆಯ ಸೀಟು ಯಾವಾಗ ತೆರೆಯುತ್ತದೆ ಎಂದು ನೋಡಲು ಕೂರುವುದರಲ್ಲಿ ಒಂದು ವಿಚಿತ್ರವಿತ್ತು. ಸರದಿಯಲ್ಲಿರುವ ನೀವು ಅದನ್ನು ಬಲ್ಲಿರಿ.

ಮುಂದಿನ ಕೆಲಸಗಳೂ ಕಡಿಮೆಯಿಲ್ಲ. ಎನ್‌ಎಚ್‌ಎಸ್‌ನಲ್ಲಿ ಚಿಕಿತ್ಸೆ ಕೊಡಲು ಪರ್ಫಾರ್ಮರ್ಸ್ ಪಟ್ಟಿಗೂ ಸೇರಬೇಕು. ಮತ್ತೆ ಅರ್ಜಿ, ಮತ್ತೆ ಮೇಲ್ವಿಚಾರಣೆ. ಅದರ ಕಾಗದಗಳು ಮೇಜಿನ ಮೇಲೆ ಬಂದು ಕುಳಿತಿವೆ. ಅದಕ್ಕೂ ಮೊದಲು ಮನೆಗೆ ಹೋಗಿ ಅಮ್ಮನ ಜೊತೆ ಸ್ವಲ್ಪ ದಿನ ಇದ್ದು ಬರುತ್ತೇನೆ.

ಕೊನೆಗೆ ಒಂದು ಪ್ರಕಟಣೆ. ಫ್ಯಾಂಟಮ್ ಹೆಡ್ ಈಗ ಬಿಡುವಾಗಿದೆ, ಕೊಟ್ಟ ಗೆಳತಿಯೂ ‘ಮುಂದಿನವರಿಗೆ ದಾಟಿಸು’ ಎಂದಿದ್ದಾಳೆ. ಎರಡನೇ ಭಾಗಕ್ಕೆ ಸೀಟು ಸಿಕ್ಕಿದವರು ಯಾರಾದರೂ ಇದ್ದರೆ ಸಂದೇಶ ಕಳಿಸಿ, ಬಂದು ಒಯ್ಯಿರಿ. ದವಡೆಯ ಒಂದು ಸ್ಕ್ರೂ ಸಡಿಲವಿದೆ, ಬಿಗಿ ಮಾಡಿಕೊಳ್ಳಬೇಕು. ಹಲ್ಲುಗಳು ಅರ್ಧ ಡಬ್ಬಿ ಉಳಿದಿವೆ. ಬರ್‌ಗಳನ್ನು ಮಾತ್ರ ಹೊಸದಾಗಿ ಕೊಂಡುಕೊಳ್ಳಿ, ನನ್ನವೆಲ್ಲ ಮೊಂಡಾಗಿವೆ.