ಜಾಗ್ವಾರ್‌ನ ಬಣ್ಣ ಬಿಡಿ, ಬೆಲೆಯ ಬಗ್ಗೆ ಮಾತಾಡೋಣ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಜಾಗ್ವಾರ್ ಕಂಪನಿಯ ಹೊಸ ಎಲೆಕ್ಟ್ರಿಕ್ ಕಾರಿನ ಬಗ್ಗೆ ಪತ್ರಿಕೆಗಳಲ್ಲೂ ಮೊಬೈಲುಗಳಲ್ಲೂ ಬರುತ್ತಿರುವ ಮಾತುಗಳನ್ನು ತಿಂಗಳುಗಳಿಂದ ಓದುತ್ತಿದ್ದೇನೆ. ಗುಲಾಬಿ ಬಣ್ಣ ಬೇಕಿತ್ತೇ, ಹಿಂದಿನ ಗಾಜು ಎಲ್ಲಿ ಹೋಯಿತು, ಜಾಹೀರಾತಿನಲ್ಲಿ ಕಾರೇ ಇಲ್ಲವಲ್ಲ ಎಂಬಲ್ಲೇ ಚರ್ಚೆ ಸುತ್ತುತ್ತಿದೆ. ಪಾಲಿಟೆಕ್ನಿಕ್‌ನ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ ಈ ಕಂಪನಿಯ ಮೇಲೆ ಹಳೆಯ ಅಭಿಮಾನ. ಆ ಅಭಿಮಾನದಿಂದಲೇ ಬರೆಯುತ್ತಿದ್ದೇನೆ. ಕಾರಿನ ರೂಪದ ಮೇಲೆ ಸುರಿಯುತ್ತಿರುವ ಟೀಕೆ ಬಹುಪಾಲು ಅನ್ಯಾಯದ್ದು. ಕೇಳಬೇಕಾದದ್ದು ಅದರ ಬೆಲೆಯನ್ನು ಕುರಿತ ಪ್ರಶ್ನೆ, ಅದನ್ನು ಕೇಳುವವರು ಬಹಳ ಕಡಿಮೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. 2025ರ ಏಪ್ರಿಲ್‌ನಲ್ಲಿ ಯುರೋಪಿನಲ್ಲಿ ಮಾರಾಟವಾದ ಜಾಗ್ವಾರ್ ಕಾರುಗಳು ಬರೀ 49, ಅದರ ಹಿಂದಿನ ವರ್ಷದ ಏಪ್ರಿಲ್‌ನಲ್ಲಿ 1,961 ಎಂಬ ಸುದ್ದಿ ಎಲ್ಲೆಡೆ ಓಡಾಡಿತು. 'ಜಾಹೀರಾತು ಕಂಪನಿಯನ್ನು ಮುಳುಗಿಸಿತು' ಎಂದೇ ಹಲವರು ಅದನ್ನು ಓದಿಕೊಂಡರು. ಅಂಕಿ ನಿಜ, ಕಾರಣ ಸುಳ್ಳು. ಹೊಸ ಕಾರಿಗೆ ದಾರಿ ಮಾಡಿಕೊಡಲು ಕಂಪನಿ ತನ್ನ ಹಳೆಯ ಮಾದರಿಗಳ ತಯಾರಿಕೆಯನ್ನು ಒಂದೊಂದಾಗಿ ತಾನೇ ನಿಲ್ಲಿಸಿತ್ತು. ಬ್ರಿಟನ್ನಿನಲ್ಲಿ 2024ರ ನವೆಂಬರ್ ಹೊತ್ತಿಗೇ ಹೊಸ ಜಾಗ್ವಾರ್ ಮಾರಾಟ ನಿಂತಿತ್ತು. ಅಂಗಡಿಯಲ್ಲಿ ಸರಕೇ ಇಲ್ಲದಿರುವಾಗ ಗಿರಾಕಿ ಮುನಿಸಿಕೊಂಡ ಎಂದು ಬರೆಯುವುದು ಪತ್ರಿಕಾ ಧರ್ಮವಲ್ಲ. ಇಷ್ಟು ದೀರ್ಘ ಕಾಲ ಷೋರೂಮ್‌ಗಳನ್ನು ಖಾಲಿ ಬಿಟ್ಟದ್ದು ಸರಿಯೇ ಎಂಬುದು ಬೇರೆ ಮಾತು. ಮಾರಾಟಗಾರರ, ಮೆಕ್ಯಾನಿಕ್‌ಗಳ ಹೊಟ್ಟೆಪಾಡಿನ ಪ್ರಶ್ನೆ ಅದರಲ್ಲಿದೆ.

ಇನ್ನು ರೂಪದ ವಿಚಾರ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಮಯಾಮಿಯಲ್ಲಿ ತೋರಿಸಿದ ಟೈಪ್ 00 ಮಾರಾಟಕ್ಕೆ ಬರುವ ಕಾರಲ್ಲ, ಬರಲಿರುವ ನಾಲ್ಕು ಬಾಗಿಲಿನ ಕಾರಿನ ಮುನ್ಸೂಚನೆ ಅಷ್ಟೇ. ಒಂದು ಗುಲಾಬಿ, ಒಂದು ನೀಲಿ ಕಾರು ಅಲ್ಲಿದ್ದವು. ಗುಲಾಬಿ ನೋಡಿ 'ಪರಂಪರೆಗೆ ಅವಮಾನ' ಎಂದವರಿಗೆ ಈ ಪರಂಪರೆ ಎಲ್ಲಿ ಹುಟ್ಟಿತೆಂದು ನೆನಪಿಸಬೇಕು. ಜಾಗ್ವಾರ್ ಕಂಪನಿಯನ್ನು ಕಟ್ಟಿದ ವಿಲಿಯಂ ಲಯನ್ಸ್ 1922ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಊರಿನಲ್ಲಿ ಪಾಲುದಾರನೊಬ್ಬನ ಜೊತೆ ಮೋಟಾರ್ ಸೈಕಲ್ಲಿನ ಪಕ್ಕಕ್ಕೆ ಜೋಡಿಸುವ ಸೈಡ್‌ಕಾರ್ ಮಾಡಲು ತೊಡಗಿದ. ಐದು ವರ್ಷಗಳ ನಂತರ, ಬಡವರ ಕಾರು ಎನಿಸಿದ್ದ ಆಸ್ಟಿನ್ ಸೆವೆನ್‌ನ ಚಾಸಿಗೆ, ಅಂದರೆ ಕೆಳಗಿನ ಚೌಕಟ್ಟಿಗೆ, ಚೆಂದದ ಬಾಡಿ ಕಟ್ಟಿ, ಎರಡೆರಡು ಗಾಢ ಬಣ್ಣ ಬಳಿದು ಮಾರಿದ. ಕಪ್ಪು, ಕಂದು ಕಾರುಗಳ ನಡುವೆ ಕಣ್ಣಿಗೆ ಹೊಡೆಯುವ ಬಣ್ಣದಿಂದಲೇ ಈ ಕಂಪನಿ ಹೆಸರು ಮಾಡಿದ್ದು.

ಹಳೆಯ ಚೆಲುವನ್ನೇ ಮುಂದುವರಿಸಬೇಕಿತ್ತು ಎಂಬ ಸಲಹೆಯೂ ಹೊಸದಲ್ಲ, ಅದನ್ನು ಮಾಡಿ ನೋಡಿದ್ದಾರೆ. ಫೋರ್ಡ್ ಒಡೆತನದ ಕಾಲದಲ್ಲಿ 1999ರ ಎಸ್-ಟೈಪ್, 2001ರ ಎಕ್ಸ್-ಟೈಪ್, 2003ರ ಎಕ್ಸ್‌ಜೆ ಮೂರೂ ಅರುವತ್ತರ ದಶಕದ ಮುಖವನ್ನೇ ಹೊತ್ತು ಬಂದವು. ಅದರಲ್ಲೂ ಆ ಎಕ್ಸ್‌ಜೆಯ ಒಳಗೆ ಆ ಕಾಲಕ್ಕೆ ಬಲು ಮುಂದುವರಿದ ಅಲ್ಯೂಮಿನಿಯಂ ಬಾಡಿ ಇತ್ತು. ಹೊರನೋಟ ಹಳೆಯದಾದ್ದರಿಂದ ಜನ ಅದನ್ನು ಹಳೆಯ ಕಾರೆಂದೇ ಬಗೆದರು. ಇಯಾನ್ ಕ್ಯಾಲಂ ವಿನ್ಯಾಸ ಮಾಡಿದ 2007ರ ಎಕ್ಸ್‌ಎಫ್ ಆ ಜಾಡನ್ನು ಬಿಟ್ಟ ಮೇಲೆಯೇ ಕಂಪನಿಗೆ ಉಸಿರು ಬಂದದ್ದು. ಇನ್ನು ಗಾಜಿನ ದೂರು: ಹಿಂದಿನ ಗಾಜಿಲ್ಲದ ಕಾರು ಪೋಲ್‌ಸ್ಟಾರ್ ಕಂಪನಿಯಿಂದ ಈಗಾಗಲೇ ರಸ್ತೆಯಲ್ಲಿದೆ, ಕ್ಯಾಮೆರಾ ಆ ಕೆಲಸ ಮಾಡುತ್ತದೆ.

ಒಂದು ಟೀಕೆಯನ್ನು ಮಾತ್ರ ನಾನು ಒಪ್ಪುತ್ತೇನೆ. ಎಂಜಿನ್ನೇ ಇಲ್ಲದ ಕಾರಿಗೆ ಅಷ್ಟುದ್ದದ ಬಾನೆಟ್ ಏಕೆ? ಇದೇ ಜಾಗ್ವಾರ್ 2018ರಲ್ಲಿ ತಂದ ಐ-ಪೇಸ್ ಎಲೆಕ್ಟ್ರಿಕ್ ಕಾರಿನಲ್ಲಿ ಮೂತಿಯನ್ನು ಗಿಡ್ಡ ಮಾಡಿ, ಉಳಿದ ಜಾಗವನ್ನು ಪ್ರಯಾಣಿಕರಿಗೆ ಕೊಟ್ಟಿದ್ದರು. 2019ರಲ್ಲಿ ವರ್ಷದ ವಿಶ್ವ ಕಾರು ಪ್ರಶಸ್ತಿಯ ಜೊತೆಗೆ ವಿನ್ಯಾಸದ ಪ್ರಶಸ್ತಿ, ಹಸಿರು ಕಾರಿನ ಪ್ರಶಸ್ತಿ ಮೂರನ್ನೂ ಅದು ಬಾಚಿಕೊಂಡಿತು. ಪಾಠ ಹೇಳುವವನ ಕಣ್ಣಿಗೆ ಅದು ಹೆಚ್ಚು ಪ್ರಾಮಾಣಿಕ ಯಂತ್ರ.

ಈಗ ಬೆಲೆಗೆ ಬರುತ್ತೇನೆ. ಹೊಸ ಕಾರು ಒಂದು ಲಕ್ಷ ಪೌಂಡ್ ದಾಟುತ್ತದೆ ಎಂದು ಕಂಪನಿಯ ಕಡೆಯಿಂದಲೇ ಸುಳಿವು ಬಂದಿದೆ. ನಮ್ಮ ಲೆಕ್ಕದಲ್ಲಿ ಒಂದು ಕೋಟಿ ರೂಪಾಯಿಗೂ ಮೇಲೆ, ಅದೂ ನಮ್ಮ ಆಮದು ಸುಂಕ ಸೇರಿಸುವ ಮೊದಲು. 'ಜಾಗ್ವಾರ್ ಯಾವುದರ ನಕಲೂ ಆಗಬಾರದು' ಎಂಬ ಲಯನ್ಸ್‌ನ ಮಾತನ್ನು ಕಂಪನಿ ಈಗ ಘೋಷಣೆಯಾಗಿ ಎತ್ತಿ ಹಿಡಿದಿದೆ. ಆದರೆ ಆತನ ಬದುಕಿನ ನಿಜವಾದ ಸಾಧನೆ ಇನ್ನೊಂದು. ಸಿರಿವಂತರ ಚೆಲುವನ್ನು ಅವನು ಮಧ್ಯಮ ವರ್ಗದ ಕೈಗೆ ಎಟುಕಿಸಿದ. 1931ರಲ್ಲಿ ಅವನು ತಂದ ಎಸ್‌ಎಸ್-1 ಕಾರು ಸಾವಿರ ಪೌಂಡಿನದರಂತೆ ಕಾಣುತ್ತದೆ ಎಂದು ಆಗಿನವರು ಹೊಗಳಿದರು, ಬೆಲೆ ಇದ್ದದ್ದು 310 ಪೌಂಡ್. 1948ರ ಲಂಡನ್ ಪ್ರದರ್ಶನದಲ್ಲಿ ಎಕ್ಸ್‌ಕೆ-120 ಇಟ್ಟಾಗ ಇನ್ನೂರರಷ್ಟು ಕಾರು ಮಾಡಿದರೆ ಸಾಕೆಂದುಕೊಂಡಿದ್ದರು. ಬೇಡಿಕೆ ಎಷ್ಟು ನುಗ್ಗಿತೆಂದರೆ ಕೈಯಲ್ಲಿ ಬಡಿದು ಮಾಡುತ್ತಿದ್ದ ಅಲ್ಯೂಮಿನಿಯಂ ಬಾಡಿ ಬಿಟ್ಟು, ಪ್ರೆಸ್‌ನಲ್ಲಿ ಒತ್ತಿದ ಉಕ್ಕಿನ ಬಾಡಿಗೆ ಹೋಗಬೇಕಾಯಿತು.

1961ರ ಇ-ಟೈಪ್ ಈ ಕಥೆಯ ತುದಿ. ಜಿನೀವಾದ ಕಾರು ಪ್ರದರ್ಶನದಲ್ಲಿ ಜನ ಎಷ್ಟು ಮುಗಿಬಿದ್ದರೆಂದರೆ, ಕಂಪನಿಯ ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಇಂಗ್ಲೆಂಡಿನ ಕಾವೆಂಟ್ರಿಯ ಕಾರ್ಖಾನೆಯಿಂದ ಇನ್ನೊಂದು ಕಾರನ್ನು ರಾತ್ರೋರಾತ್ರಿ ಓಡಿಸಿಕೊಂಡು ಹೋಗಬೇಕಾಯಿತು. ಗಂಟೆಗೆ 150 ಮೈಲಿ ವೇಗದ ಕಾರೆಂದು ಹೆಸರಾದ ಅದಕ್ಕೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್. ಬೆಲೆ ಎರಡು ಸಾವಿರ ಪೌಂಡ್ ಚಿಲ್ಲರೆ. ಅದೇ ದರ್ಜೆಯ ಆಸ್ಟನ್ ಮಾರ್ಟಿನ್‌ಗೆ ಹೆಚ್ಚುಕಡಿಮೆ ಅದರ ಎರಡರಷ್ಟು ತೆರಬೇಕಿತ್ತು. ಇದು ಸಾಧ್ಯವಾದದ್ದು ಜಿಪುಣತನದ ಎಂಜಿನಿಯರಿಂಗ್‌ನಿಂದ. ಎರಡನೇ ಮಹಾಯುದ್ಧದ ರಾತ್ರಿಗಳಲ್ಲಿ ಕಾರ್ಖಾನೆಗೆ ಬೆಂಕಿ ಬೀಳದಂತೆ ಕಾವಲು ಕೂತಾಗ ಕಂಪನಿಯ ಮುಖ್ಯ ಎಂಜಿನಿಯರ್ ವಿಲಿಯಂ ಹೇನ್ಸ್ ಮತ್ತು ಸಂಗಡಿಗರು ಮಾತಾಡಿ ಮಾತಾಡಿ ರೂಪಿಸಿದ ಎಕ್ಸ್‌ಕೆ ಎಂಬ ಒಂದೇ ಎಂಜಿನ್, ಸ್ಪೋರ್ಟ್ಸ್ ಕಾರಿಗೂ, ಮನೆಮಂದಿ ಕೂರುವ ಸಲೂನ್‌ಗೂ, ಲೆ ಮ್ಯಾನ್ಸ್ ರೇಸ್ ಗೆದ್ದ ಕಾರುಗಳಿಗೂ ಬಂತು. ನಲವತ್ತು ವರ್ಷಕ್ಕೂ ಮಿಕ್ಕಿ ತಯಾರಾಯಿತು. ತರಗತಿಯಲ್ಲಿ ಅದರ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುವಾಗೆಲ್ಲ ನನಗೆ ಗೌರವ ಉಕ್ಕುತ್ತಿತ್ತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇ-ಟೈಪನ್ನು ಇರಿಸಿಕೊಂಡಿದೆ. ಕಲಾಕೃತಿ ಎನ್ನಿಸಿಕೊಂಡ ಆ ಕಾರನ್ನು ಅದರ ಕಾಲದಲ್ಲಿ ಉಳಿತಾಯ ಮಾಡಿದ ವೈದ್ಯನೋ ವಕೀಲನೋ ಕೊಳ್ಳಬಹುದಿತ್ತು.

ಹಳೆಯ ಮಾದರಿಗಳಲ್ಲಿ ಲಾಭವೇ ಇರಲಿಲ್ಲ, ಬಿಎಂಡಬ್ಲ್ಯು, ಮರ್ಸಿಡಿಸ್ ಜೊತೆ ಸಂಖ್ಯೆಯಲ್ಲಿ ಸೆಣಸಲು ಆಗದು ಎಂಬುದು ಕಂಪನಿಯ ವಾದ. ಅದನ್ನು ತಳ್ಳಿಹಾಕಲಾರೆ. ಆದರೆ ಮೇಲೆ ಏರಿದಷ್ಟೂ ನೆಲ ಗಟ್ಟಿಯಾಗುತ್ತದೆ ಎಂಬ ನಂಬಿಕೆಗೆ ಆಧಾರ ಕಾಣುತ್ತಿಲ್ಲ. ಪೋರ್ಷೆಯಂಥ ಪೋರ್ಷೆಯ ಟೇಕಾನ್ ಎಲೆಕ್ಟ್ರಿಕ್ ಕಾರಿನ ಮಾರಾಟ 2024ರಲ್ಲಿ ಅರ್ಧದಷ್ಟು ಕುಸಿಯಿತು. ಜಾಗ್ವಾರ್ ಗುರಿ ಇಟ್ಟುಕೊಂಡಿರುವ, ಒಂದು ಚಾರ್ಜ್‌ಗೆ 770 ಕಿ.ಮೀ. ಓಟ, 15 ನಿಮಿಷದ ಚಾರ್ಜಿಂಗ್‌ಗೆ 321 ಕಿ.ಮೀ. ಎಂಬುದು ದೊಡ್ಡ ಮಾತೇ. ಅಂಥ ತಂತ್ರಜ್ಞಾನ ಕೆಲವೇ ಸಾವಿರ ಕೋಟ್ಯಧಿಪತಿಗಳ ಗ್ಯಾರೇಜಿನಲ್ಲಿ ನಿಂತುಬಿಟ್ಟರೆ ಲಯನ್ಸ್‌ನ ಹೆಸರು ಹೇಳಿ ಏನು ಪ್ರಯೋಜನ?

ಇಷ್ಟೆಲ್ಲ ಒಂದು ಕನ್ನಡ ಪತ್ರಿಕೆಗೆ ಬರೆಯಲು ಕಾರಣವಿದೆ. ಜಾಗ್ವಾರ್‌ನ ಒಡೆಯರು ನಮ್ಮ ಟಾಟಾದವರು. 2008ರಲ್ಲಿ ಫೋರ್ಡ್‌ನಿಂದ ಲ್ಯಾಂಡ್ ರೋವರ್ ಜೊತೆಗೆ 230 ಕೋಟಿ ಡಾಲರ್ ಕೊಟ್ಟು ಕೊಂಡರು. ಬೆಂಗಳೂರಿನಲ್ಲೂ ಈ ಕಂಪನಿಯ ತಂತ್ರಜ್ಞಾನ ಕೇಂದ್ರವಿದೆ, ನಮ್ಮ ಹುಡುಗ ಹುಡುಗಿಯರು ಅಲ್ಲಿ ದುಡಿಯುತ್ತಿದ್ದಾರೆ. ಅದೇ 2008ರ ಜನವರಿಯಲ್ಲಿ ರತನ್ ಟಾಟಾ ದೆಹಲಿಯಲ್ಲಿ ಒಂದು ಲಕ್ಷ ರೂಪಾಯಿಯ ನ್ಯಾನೊ ತೋರಿಸಿದ್ದರು. ನ್ಯಾನೊ ಗೆಲ್ಲಲಿಲ್ಲ. ಅಗ್ಗದ ಕಾರು ಎಂಬ ಹಣೆಪಟ್ಟಿಯನ್ನು ಜನ ಮನೆ ಮುಂದೆ ನಿಲ್ಲಿಸಲು ಹಿಂಜರಿದರು. ಕಡಿಮೆ ಬೆಲೆಯ ಕಾರು ಕಡಿಮೆಯದಾಗಿ ಕಾಣಬಾರದು ಎಂಬ ಗುಟ್ಟು ತೊಂಬತ್ತು ವರ್ಷ ಹಿಂದೆಯೇ ಲಯನ್ಸ್‌ಗೆ ತಿಳಿದಿತ್ತು. ಎಟುಕುವ ಬೆಲೆಯ ಹಂಬಲವೂ, ಆ ಬೆಲೆಗೆ ಚೆಲುವು ಕಟ್ಟುವ ಕೌಶಲವೂ ಒಂದೇ ಮನೆಯಲ್ಲಿ ಸೇರಿದ್ದು 2008ರಲ್ಲಿ. ಟಾಟಾದವರು ಅವೆರಡನ್ನೂ ಬೆಸೆಯದೆ ಬಿಟ್ಟಿರುವುದು ನನಗೆ ನೋವಿನ ಸಂಗತಿ.

ಮೊದಲ ಕಾರು ದುಬಾರಿಯಾಗಿಯೇ ಬರಲಿ, ಹೂಡಿದ ಹಣ ಹಿಂದೆ ಬರಬೇಕಲ್ಲ. ಅದೇ ತಳಪಾಯದ ತಂತ್ರಜ್ಞಾನದಲ್ಲಿ, ಇ-ಟೈಪ್ ಕಾಲದ ಲೆಕ್ಕದಂತೆ ಪೈಪೋಟಿಯವರ ಅರ್ಧ ಬೆಲೆಗೆ ಸಿಗುವ ಇನ್ನೊಂದು ಜಾಗ್ವಾರ್ ಯಾವಾಗ ಎಂಬುದನ್ನು ಟಾಟಾದವರು ತಮ್ಮ ಷೇರುದಾರರ ಮುಂದೆ ಹೇಳಬೇಕು. ನಿಮ್ಮ ವರದಿಗಾರರಿಗೆ ಅವರ ಪತ್ರಿಕಾಗೋಷ್ಠಿಯಲ್ಲಿ ಕೂರುವ ಅವಕಾಶ ಸಿಕ್ಕರೆ, ಬಣ್ಣದ ಪ್ರಶ್ನೆಯನ್ನು ಬಿಟ್ಟು ದಯವಿಟ್ಟು ಇದನ್ನು ಕೇಳಲಿ.

ಇಂತಿ,
ನಿಮ್ಮ ಓದುಗ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ತುಮಕೂರು