ತಂಗಿ, ಈ ವರ್ಷ ಒಂದು ಅಕ್ಷರ ಬಿಟ್ಟು ಬರೆ

ಪ್ರೀತಿಯ ತಂಗಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಹೊಸ ವರ್ಷದ ಪಟ್ಟಿ ಓದಿದೆ. ಕಾದಂಬರಿ ಮುಗಿಸಬೇಕು, ದಿನಾ ಸಾವಿರ ಪದ ಬರೆಯಬೇಕು, ಬೆಳಗ್ಗೆ ಐದಕ್ಕೆ ಏಳಬೇಕು, ಐವತ್ತು ಪುಸ್ತಕ ಓದಬೇಕು, ಕಥಾಸ್ಪರ್ಧೆಯಲ್ಲಿ ಬಹುಮಾನ ಬರಬೇಕು, ಫೋನು ಕಡಿಮೆ ಮಾಡಬೇಕು. ಎಲ್ಲಾ ಬೇಕು, ಬೇಕು, ಬೇಕು. ಓದಿ ಮುಗಿಸುವಷ್ಟರಲ್ಲಿ ಬ್ಯಾಂಕಿನಿಂದ ಬಂದ ಸಾಲದ ನೋಟೀಸು ಓದಿದ ಹಾಗಾಯಿತು ಮಾರಾಯ್ತಿ. ನಿನ್ನ ವಯಸ್ಸಿಗೆ ಇಷ್ಟು ಸಾಲ ಯಾಕೆ?

ಪಟ್ಟಿ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದರಲ್ಲಿ ಆಟವೇ ಇಲ್ಲ, ಅಷ್ಟೇ ನನ್ನ ತಕರಾರು. ಬಹುಮಾನ ಕೊಡುವುದು ತೀರ್ಪುಗಾರರ ಕೈಯಲ್ಲಿದೆ. ಕಾದಂಬರಿ ಯಾವಾಗ ಮುಗಿಯಬೇಕು ಅನ್ನುವುದನ್ನು ಬಹಳ ಸಲ ಕಾದಂಬರಿಯೇ ತೀರ್ಮಾನ ಮಾಡುತ್ತದೆ. ಐದಕ್ಕೆ ಏಳುವುದಂತೂ ಈ ಚಳಿಯಲ್ಲಿ, ಅದೂ ಶಿರಸಿಯಲ್ಲಿ, ಅಡಿಕೆ ಸುಲಿದು ರಾತ್ರಿ ಹನ್ನೊಂದಕ್ಕೆ ಮಲಗಿದವಳಿಗೆ ಯಾಕೆ ಬೇಕು ಹೇಳು. ನಾನು ಗುರಿ ಇಟ್ಟುಕೊಳ್ಳುವಾಗ ನೋಡುವುದು ಎರಡೇ. ಅದು ಪೂರ್ತಿ ನನ್ನ ಕೈಯಲ್ಲಿರಬೇಕು. ಮತ್ತೆ, ಅದನ್ನು ಇನ್ನೊಬ್ಬರಿಗೆ ಹೇಳುವಾಗ ನನಗೇ ಸ್ವಲ್ಪ ನಗು ಬರಬೇಕು. ನಗು ಬರದ ಗುರಿ ಜನವರಿ ಮುಗಿಯುವುದರೊಳಗೆ ಹಳಸುತ್ತದೆ.

ಆಟಕ್ಕಾಗಿ ದೂರ ಹುಡುಕಬೇಕಾಗಿಲ್ಲ. ನಿಮ್ಮ ಕಡೆ ಅಷ್ಟಾವಧಾನ ಅಂದರೆ ಗೊತ್ತಿಲ್ಲದವರು ಕಡಿಮೆ. ನೀನೂ ಒಮ್ಮೆಯಾದರೂ ಅಪ್ಪನ ಜೊತೆ ಹೋಗಿ ಕೂತಿರುತ್ತೀಯಾ, ಅರ್ಧಕ್ಕೆ ನಿದ್ದೆ ಬಂದಿದ್ದರೂ ಪರವಾಗಿಲ್ಲ. ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು, ಸುತ್ತ ಕೂತು ಒಬ್ಬ ಅವಧಾನಿಯನ್ನು ಕಾಡುತ್ತಾರೆ. ಒಬ್ಬರು ನಿಷೇಧಾಕ್ಷರಿ: ಅವಧಾನಿ ಪದ್ಯ ಕಟ್ಟುತ್ತಾ ಹೋದ ಹಾಗೆ, ಮುಂದೆ ಯಾವ ಅಕ್ಷರ ಬರಬಹುದು ಅಂತ ಊಹಿಸಿ ಅದನ್ನೇ ಬೇಡ ಅನ್ನುತ್ತಾರೆ. ಇನ್ನೊಬ್ಬರು ದತ್ತಪದಿ: ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೊಟ್ಟು, ಕೇಳಿದ ವಿಷಯದ ಮೇಲೆ, ಕೇಳಿದ ಛಂದಸ್ಸಿನಲ್ಲಿ ಅವನ್ನೆಲ್ಲ ಸೇರಿಸು ಅನ್ನುತ್ತಾರೆ. ಸಮಸ್ಯಾಪೂರಣದವರು ಅರ್ಥವೇ ಇಲ್ಲದಂತೆ ಕಾಣುವ ಕೊನೆಯ ಸಾಲು ಕೊಡುತ್ತಾರೆ, ಮೊದಲಿನ ಸಾಲುಗಳನ್ನು ಕಟ್ಟಿ ಅದಕ್ಕೆ ಅರ್ಥ ತರಬೇಕು. ಇದೆಲ್ಲ ನಡೆಯುತ್ತಿರುವಾಗಲೇ ಅಪ್ರಸ್ತುತ ಪ್ರಸಂಗಿ ಬಾಯಿ ಹಾಕುತ್ತಾನೆ, 'ಅವಧಾನಿಗಳೇ, ನಿಮ್ಮ ಹೆಂಡತಿ ಇವತ್ತು ಎಂತ ಅಡುಗೆ ಮಾಡಿದ್ದು?' ಅಂತ.

ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಗುರಿಗಳ ಪಟ್ಟಿ ನಾನು ಬೇರೆಲ್ಲೂ ನೋಡಿಲ್ಲ. ಛಂದಸ್ಸು ಬಿಡು, ಗದ್ಯದಲ್ಲೇ ಆಡು.

ಮೊದಲು ನಿಷೇಧಾಕ್ಷರಿ. ತಿಂಗಳಿಗೊಂದು ಅಕ್ಷರ ನಿಷೇಧ, ತಿಂಗಳಿಗೆ ಒಂದು ಪುಟ. ಜನವರಿಗೆ ನಾನೇ ಹೇಳುತ್ತೇನೆ: 'ನ' ಬೇಡ. ನ, ನಾ, ನಿ, ನೀ ಯಾವುದೂ ಬೇಡ. ಏನಾಗುತ್ತದೆ ನೋಡು. 'ನಾನು' ಹೋಯಿತು. ನೆನಪು, ನೋವು, ನೆರಳು, ನಿಟ್ಟುಸಿರು ಹೋದವು. ಮೌನ, ಮನಸ್ಸು, ಕನಸು ಮೂರೂ ಒಟ್ಟಿಗೆ ಹೊರಗೆ. ನೀನು ಕಳೆದ ಸಲ ಕಳಿಸಿದ ಕವಿತೆಯಲ್ಲಿ ಇವನ್ನು ತೆಗೆದರೆ ಏನು ಉಳಿಯುತ್ತದೆ ಅಂತ ಲೆಕ್ಕ ಹಾಕು, ನಾನು ಹೇಳಲ್ಲ. 'ಮನೆ' ಅನ್ನುವ ಹಾಗಿಲ್ಲ. ಹಾಗಾಗಿ ಜಗಲಿ ಅನ್ನಬೇಕು, ಬಚ್ಚಲು ಅನ್ನಬೇಕು, ಕೊಟ್ಟಿಗೆ ಅನ್ನಬೇಕು, ಅಂದರೆ ನಿಜವಾಗಿ ಎಲ್ಲಿ ನಿಂತು ನೋಡುತ್ತಿದ್ದೀಯಾ ಅಂತ ಗೊತ್ತಿರಬೇಕು. 'ಬರುತ್ತಾನೆ' ಆಗದು, 'ಬರುತ್ತಾಳೆ' ಆದೀತು, ಹಾಗಾಗಿ ಕಥೆಯೊಳಗೆ ಗಂಡಸರು ಕಡಿಮೆಯಾಗುತ್ತಾರೆ, ಅದರಿಂದ ಕನ್ನಡ ಕಥೆಗೆ ನಷ್ಟವೇನೂ ಇಲ್ಲ. ಒಂದು ಮಾದರಿ ಬೇಕಾದರೆ ತಗೋ: 'ಜಗಲಿ ಮೇಲೆ ಅಜ್ಜ ಕೂತಿದ್ದ. ಅಡಿಕೆ ಸುಲಿದ ಕೈ ಕಪ್ಪಾಗಿತ್ತು. ಬಸ್ಸು ಬಂತು, ಎದ್ದ, ಛತ್ರಿ ಮರೆತ.' ದೊಡ್ಡ ಸಾಹಿತ್ಯ ಅಂತ ನಾನೂ ಹೇಳುವುದಿಲ್ಲ. ಆದರೆ ಮೂರು ಸಾಲಿನಲ್ಲಿ ಒಬ್ಬ ಅಜ್ಜ ಕಾಣುತ್ತಾನಲ್ಲ, ಸಾಕು.

ಇದು ನಮ್ಮವರ ಹುಚ್ಚು ಮಾತ್ರ ಅಂದುಕೊಳ್ಳಬೇಡ. 1960ರಲ್ಲಿ ಫ್ರಾನ್ಸಿನಲ್ಲಿ ಬರಹಗಾರರೂ ಗಣಿತದವರೂ ಸೇರಿ ಊಲಿಪೊ ಅಂತ ಒಂದು ಗುಂಪು ಮಾಡಿಕೊಂಡರು. ಬರವಣಿಗೆಗೆ ತಾವೇ ಕಟ್ಟುಪಾಡು ಹಾಕಿಕೊಂಡು ಆಡುವುದೇ ಅವರ ಕೆಲಸ. ಅವರಲ್ಲೊಬ್ಬ 1969ರಲ್ಲಿ ಫ್ರೆಂಚಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುವ 'e' ಅಕ್ಷರವನ್ನೇ ಬಿಟ್ಟು ಇಡೀ ಕಾದಂಬರಿ ಬರೆದ. ನಿನಗೆ ಒಂದು ಪುಟ ಕೇಳುತ್ತಿದ್ದೇನೆ, ಅಷ್ಟೇ.

ದತ್ತಪದಿಯನ್ನು ನಾವಿಬ್ಬರೂ ಆಡೋಣ. ಭಾನುವಾರ ಒಬ್ಬರು ನಾಲ್ಕು ಪದ ಕಳಿಸುವುದು, ಮುಂದಿನ ಭಾನುವಾರದೊಳಗೆ ಇನ್ನೊಬ್ಬರು ಆ ನಾಲ್ಕೂ ಬರುವಂತೆ ಇನ್ನೂರು ಪದ ಬರೆಯುವುದು. ಪದಗಳನ್ನು ಸುಮ್ನೆ ನಿಘಂಟಿನಿಂದ ಎತ್ತಬಾರದು, ಆ ವಾರ ಕಿವಿಗೆ ಬಿದ್ದವೇ ಆಗಬೇಕು. ನಾನಂತೂ ಕುಮಟೆಯ ಮೀನು ಪೇಟೆಯಿಂದ ತರುತ್ತೇನೆ. ನಿನಗೆ ಈಗ ಅಡಿಕೆ ಸುಲಿಯುವ ಕಾಲ, ಮೆಟ್ಟುಗತ್ತಿ ಮುಂದೆ ಕೂತವರ ಬಾಯಲ್ಲಿ ಒಂದು ರಾತ್ರಿಗೆ ಬರುವಷ್ಟು ಮಾತು ನನಗೆ ವರ್ಷಕ್ಕೆ ಸಾಕು. ಕೇಳುವುದಕ್ಕಾಗಿಯೇ ಹೋಗಿ ಕೂರು. ಬರೀ ಕೇಳುತ್ತಾ ಕೂತರೆ ಬೈತಾರೆ, ಸುಲಿಯುತ್ತಾ ಕೇಳು.

ಸಮಸ್ಯಾಪೂರಣ ಕಷ್ಟದ್ದು, ಅದನ್ನು ಮೂರು ತಿಂಗಳಿಗೊಂದು ಇಟ್ಟುಕೊಂಡರೆ ಸಾಕು. ಕೊನೆಯ ಸಾಲು ಹೀಗೆ: 'ಅಂದು ಗೋಕರ್ಣದಲ್ಲಿ ಸಮುದ್ರ ಬಸ್ಸು ತಪ್ಪಿಸಿಕೊಂಡಿತು.' ಓದಿದವರು ಹೌದಲ್ಲ, ಬೇರೆ ಹೇಗೆ ತಾನೇ ಮುಗಿಯಲು ಸಾಧ್ಯ ಅನ್ನುವ ಹಾಗೆ ಇದಕ್ಕೊಂದು ಕಥೆ ಬರೆ. ಸಮುದ್ರ ಅನ್ನುವುದು ಯಾವುದೋ ಹುಡುಗನ ಹೆಸರು ಅಂತ ಮಾಡಿ ತಪ್ಪಿಸಿಕೊಳ್ಳಬೇಡ, ಆ ಉಪಾಯ ನನಗೂ ಹೊಳೆದಿದೆ.

ಅಪ್ರಸ್ತುತ ಪ್ರಸಂಗಿ ನಿನ್ನ ಹತ್ತಿರ ಆಗಲೇ ಇದ್ದಾನೆ, ಚಾರ್ಜರ್ ಸಮೇತ. ಅವನನ್ನು ಮನೆಯಿಂದ ಓಡಿಸುವ ಪ್ರತಿಜ್ಞೆ ಬೇಡ, ಯಾರಿಂದಲೂ ಆಗಿಲ್ಲ. ಅವಧಾನಿ ಏನು ಮಾಡುತ್ತಾನೆ? ಒಂದು ತಮಾಷೆಯ ಉತ್ತರ ಕೊಟ್ಟು ಪದ್ಯಕ್ಕೆ ವಾಪಸ್ ಹೋಗುತ್ತಾನೆ. ನೀನೂ ಹಾಗೇ ಮಾಡು. ಬರೆಯುತ್ತಾ ಇರುವಾಗ ಫೋನು ತೆಗೆದರೆ, ಯಾಕೆ ತೆಗೆದೆ ಅಂತ ಪುಸ್ತಕದ ಅಂಚಿನಲ್ಲಿ ಒಂದು ಸಾಲು ಬರೆದಿಡು. 'ಚಿಕ್ಕಮ್ಮನ ಸ್ಟೇಟಸ್', 'ಅಡಿಕೆ ರೇಟು', 'ಸುಮ್ನೆ'. ತಿಂಗಳ ಕೊನೆಗೆ ಆ ಸಾಲುಗಳನ್ನಷ್ಟೇ ಒಟ್ಟಿಗೆ ಓದಿದರೆ ಒಂದು ಒಳ್ಳೆಯ ಲಲಿತ ಪ್ರಬಂಧ ಸಿಗುತ್ತದೆ.

ಈಗ ನಿನ್ನ ದಿನಕ್ಕೆ ಸಾವಿರ ಪದದ ವಿಷಯ. ಇದೆಲ್ಲಿಂದ ಬಂತು ಅಂತ ನನಗೆ ಗೊತ್ತು. 1999ರಲ್ಲಿ ಅಮೆರಿಕದಲ್ಲಿ ಶುರುವಾದ ಒಂದು ಆಟ ಇತ್ತು, ನವೆಂಬರ್ ತಿಂಗಳೊಂದರಲ್ಲೇ 50,000 ಪದದ ಕಾದಂಬರಿ ಬರೆಯುವುದು, ದಿನಕ್ಕೆ 1,667 ಪದದ ಲೆಕ್ಕ. ಅದು ಇಂಗ್ಲಿಷ್ ಲೆಕ್ಕ ತಂಗಿ. ಅವರು ಬಿಡಿಬಿಡಿಯಾಗಿ ನಾಲ್ಕೈದು ಪದದಲ್ಲಿ ಹೇಳುವುದನ್ನು ನಾವು ಪ್ರತ್ಯಯ ಸೇರಿಸಿ ಒಂದೇ ಪದ ಮಾಡುತ್ತೇವೆ. ಅವರ ಸಾವಿರವನ್ನು ಹಾಗೇ ಎತ್ತಿಕೊಂಡು ಬಂದರೆ ನಿನಗೆ ಕೆಲಸ ಜಾಸ್ತಿ, ಸಂಬಳ ಅಷ್ಟೇ. ನಿನ್ನ ಹಾಗೆ ಕೆಲಸಕ್ಕೆ ಹೋಗುವವರಿಗೆ ಟ್ರೊಲೊಪ್ ಅನ್ನುವ ಹಳೇ ಇಂಗ್ಲಿಷ್ ಕಾದಂಬರಿಕಾರನ ದಾರಿ ಒಳ್ಳೆಯದು. ಅವನದು ಅಂಚೆ ಇಲಾಖೆಯಲ್ಲಿ ನೌಕರಿ. ಬೆಳಗ್ಗೆ ಆಫೀಸಿಗೆ ಹೋಗುವ ಮೊದಲು ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಹೀಗೇ 47 ಕಾದಂಬರಿ ಬರೆದ. ನೀನು ಒಂದೇ ಕಾಲು ಗಂಟೆ ಇಟ್ಟುಕೋ. ಸೊಸೈಟಿಗೆ ಹೊರಡುವ ಮೊದಲು, ದೋಸೆ ಕಾವಲಿಗೆ ಬೀಳುವ ಮೊದಲು. ಪದ ಎಣಿಸಲೇಬೇಡ.

ಬಹುಮಾನದ ಬದಲು ಪತ್ರಿಕೆಗೆ ಕಥೆ ಕಳಿಸುವುದನ್ನು ಎಣಿಸು. 2016ರಲ್ಲಿ ಅಮೆರಿಕದ ಬರಹಗಾರ್ತಿಯೊಬ್ಬಳು, ವರ್ಷಕ್ಕೆ ನೂರು ತಿರಸ್ಕಾರ ಪಡೆಯುವುದನ್ನೇ ಗುರಿ ಮಾಡಿಕೊಳ್ಳಿ ಅಂತ ಬರೆದಿದ್ದು ಬಹಳ ಜನ ಓದಿದರು. ನಮ್ಮಲ್ಲಿ ಆ ಗುರಿಯೂ ಕೈಗೆ ಸಿಗುವುದಿಲ್ಲ, ಯಾಕಂದರೆ ಸಂಪಾದಕರು ಬೇಡ ಅಂತಲೂ ಬರೆಯುವುದಿಲ್ಲ, ಸುಮ್ಮನಿದ್ದುಬಿಡುತ್ತಾರೆ. ಹಾಗಾಗಿ ಕಳಿಸಿದ್ದೇ ಲೆಕ್ಕ. ವರ್ಷಕ್ಕೆ ಹನ್ನೆರಡು. ಒಂದೇ ಕಥೆಯನ್ನು ಒಟ್ಟಿಗೆ ಎರಡು ಪತ್ರಿಕೆಗೆ ಕಳಿಸಬೇಡ, ಅದೊಂದು ಮರ್ಯಾದೆ. ಕಳಿಸಿದ ದಿನ ಮಸಾಲೆದೋಸೆ ತಿನ್ನು, ಪ್ರಕಟವಾದ ದಿನ ಬೇಕಾದರೆ ಉಪವಾಸ ಮಾಡು.

ಅಂಕೋಲೆಯ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆ ತುಂಬ ಶಾಲೆ ತೆರೆದರು, 1967ರಲ್ಲಿ ಸಂಸತ್ತಿಗೂ ಹೋದರು, ಜೊತೆಗೆ ನಾಲ್ಕು ಸಾಲಿನ ಚುಟುಕ ಬರೆಯುವುದನ್ನೂ ಬಿಡಲಿಲ್ಲ. ವಾರಕ್ಕೊಂದು ಚುಟುಕ ನಿನಗೇನು ಭಾರ? ನೀನು ಹೇಗೂ ದಿನಾ ಫೋನಿನಲ್ಲಿ ದೂರುತ್ತೀಯಲ್ಲ, ಕರೆಂಟು, ಬಸ್ಸು, ಘಾಟಿ ರಸ್ತೆ ಅಂತ, ಅದನ್ನೇ ನಾಲ್ಕು ಸಾಲಿಗೆ ಪ್ರಾಸ ಹಾಕಿ ದೂರು. ನನ್ನ ಕಿವಿಗೂ ಹಿತ.

ಇನ್ನೊಂದು ಆಟ ನನಗೆ ಬಹಳ ಇಷ್ಟದ್ದು. ಕೈಯಿಂದ ಮಾಡುವ ಕೆಲಸ ಒಂದನ್ನು, ಜನ್ಮದಲ್ಲಿ ನೋಡದವರು ಓದಿ ಮಾಡಬಹುದು ಅನ್ನುವಷ್ಟು ಸರಿಯಾಗಿ ಬರೆಯುವುದು. ಗುಣವಾಚಕ ಹಾಕುವ ಹಾಗಿಲ್ಲ. ತೊಡೆದೇವಿನಿಂದ ಶುರು ಮಾಡು. ತಿಂದಿದ್ದೀಯಾ, ಸರಿ, ಮಾಡುವುದನ್ನು ಸರಿಯಾಗಿ ನೋಡಿದ್ದೀಯಾ? ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕುತ್ತಾರೆ. ಗಡಿಗೆಯ ಬೆನ್ನಿಗೆ ಎಣ್ಣೆ. ಅಕ್ಕಿಹಿಟ್ಟಿಗೆ ಕಬ್ಬಿನ ಹಾಲೋ ಬೆಲ್ಲವೋ ಸೇರಿಸಿ ನೀರಾಗಿ ಕಲಸಿಕೊಂಡಿರುತ್ತಾರೆ. ಅದರಲ್ಲಿ ಬಟ್ಟೆ ಅದ್ದಿ ಬಿಸಿ ಗಡಿಗೆಯ ಮೇಲೆ ಒಂದೇ ಎಳೆತಕ್ಕೆ ತೊಡೆಯುತ್ತಾರೆ. ಕೂಡಲೇ ಅಂಚು ಏಳುತ್ತದೆ. ಕಾಗದದಷ್ಟು ತೆಳು. ಅದನ್ನು ಹರಿಯದ ಹಾಗೆ ಎಬ್ಬಿಸಿ, ಇನ್ನೂ ಮೆತ್ತಗಿರುವಾಗಲೇ ಮೂರು ಮೂಲೆಗೆ ಮಡಚಬೇಕು, ಆರಿದರೆ ಮಡಚಲು ಹೋದಲ್ಲೇ ಪುಡಿ. ಈಗ ಇಲ್ಲಿ ನಿನ್ನ ಕೆಲಸ ಶುರು: ಎಬ್ಬಿಸುವವರ ಬೆರಳು ಮೊದಲು ಎಲ್ಲಿ ಮುಟ್ಟುತ್ತದೆ? ಬಟ್ಟೆ ಎಡದಿಂದ ಹೋಗುತ್ತದೋ ಬಲದಿಂದಲೋ? ಗಡಿಗೆ ಸಾಕಷ್ಟು ಕಾದಿದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ? ಕೇಳಿದರೆ 'ಗೊತ್ತಾಗ್ತು' ಅಂತಾರೆ, ಬಿಡಬೇಡ, ಪಕ್ಕದಲ್ಲಿ ಕೂತು ನೋಡು. ಹೀಗೆ ಎರಡು ತಿಂಗಳಿಗೊಂದು ಬರೆದರೆ, ಡಿಸೆಂಬರಿಗೆ ನಿನ್ನ ಕಥೆಯ ಪಾತ್ರಗಳು ಬರೀ ಕಿಟಕಿಯ ಹತ್ತಿರ ನಿಂತು ಯೋಚನೆ ಮಾಡುವುದನ್ನು ಬಿಟ್ಟಿರುತ್ತವೆ.

ಮತ್ತೆ ಅಘನಾಶಿನಿ ಹೊಳೆ. ನಿಮ್ಮ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಬಿದ್ದು, ಘಟ್ಟ ಇಳಿದು, ದೀವಗಿ, ಮಿರ್ಜಾನ್ ದಾಟಿ ನಮ್ಮ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ನಡುವೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ನೀನು ಮೇಲಿನಿಂದ ಇಳಿದು ಬಾ, ನಾನು ಕೆಳಗಿನಿಂದ ಹತ್ತುತ್ತೇನೆ. ತಿಂಗಳಿಗೊಂದು ಜಾಗ, ಜಾಗಕ್ಕೊಂದು ಪುಟ. ನನ್ನ ಮೊದಲ ಪುಟ ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಅನ್ನುವ ಚಿಪ್ಪುಮೀನು ಆರಿಸುವ ಹೆಂಗಸರದ್ದು. ಎರಡನೆಯದು ಮಾಣಿಕಟ್ಟೆಯ ಗಜನಿ, ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವ ಗದ್ದೆ. ನಾವು ಎಲ್ಲಿ ಎದುರಾಗುತ್ತೇವೋ ಗೊತ್ತಿಲ್ಲ, ಬಹುಶಃ ಜೂನಿನಲ್ಲಿ, ಜಿಗಣೆ ಕಚ್ಚುವ ಯಾವುದೋ ಜಾಗದಲ್ಲಿ.

ಇಷ್ಟೂ ಆಟ ಆಡಬೇಡ. ಎರಡು ಆರಿಸಿಕೋ, ಹೆಚ್ಚೆಂದರೆ ಮೂರು. ಬೇಸರ ಬಂದದ್ದನ್ನು ಬಿಟ್ಟುಬಿಡು, ಯುಗಾದಿಗೆ ಬೇರೆ ಆರಿಸು. ನಮಗೆ ಹೊಸ ವರ್ಷ ಎರಡೆರಡು ಸಲ ಬರುವುದು ಮತ್ತೆ ಯಾಕೆ? ಆದರೆ ದಂಡ ಇರಲಿ, ದಂಡ ಇಲ್ಲದ ಆಟಕ್ಕೆ ರುಚಿ ಇಲ್ಲ. ದತ್ತಪದಿಯಲ್ಲಿ ನೀನು ಮೂರು ವಾರ ತಪ್ಪಿದರೆ ನನಗೊಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ. ನಾನು ತಪ್ಪಿದರೆ ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡು ಮಾವು ಒಂದು ಬುಟ್ಟಿ ಶಿರಸಿ ಬಸ್ಸಿಗೆ ಹಾಕಿಸುತ್ತೇನೆ.

ನಿನ್ನ ಮೊದಲ ನಾಲ್ಕು ಪದ: ಮೆಟ್ಟುಗತ್ತಿ, ಎಟಿಎಂ, ಗರ್ನಾಲು, ಅತ್ತಿಗೆ. ವಿಷಯ: ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಆರೂವರೆ. ಪ್ರೀತಿ ಪ್ರೇಮ ತರುವ ಹಾಗಿಲ್ಲ. ನನಗೆ ಯಾವ ಅಕ್ಷರ ನಿಷೇಧ ಅಂತ ನೀನು ಬರೆ. 'ಕ' ಒಂದು ಬೇಡ ಮಾರಾಯ್ತಿ, ಕುಮಟೆಯಲ್ಲಿ ಕೂತು ಅಕ್ಕ ಅನ್ನಿಸಿಕೊಂಡವಳು ಅದನ್ನು ಬಿಟ್ಟರೆ ಕಾಗದಕ್ಕೆ ಸಹಿ ಹಾಕುವುದು ಹೇಗೆ?

ನಿನ್ನ
ಕುಮಟೆಯ ಅಕ್ಕ